ನೋವಿನ ಚಿತ್ರ ಬರೆಯುವ ಮುನ್ನ



ಈಚೆಗೆ ಭಾಲ್ಕಿಯ ನಂಟರ ಮನೆಗೆ ಹೋದಾಗ, ಆ ಮನೆಯ ಹುಡುಗನು ಅಜ್ಜಿಯಿಂದ ಕೇಳಿದ 1948ರ ವೃತ್ತಾಂತವನ್ನು ಚಿತ್ರಕಥೆಯಾಗಿ ಬರೆಯುತ್ತಿದ್ದನು. ಕತ್ತಿ, ಬೆಂಕಿ, ಅಂಗಳದಲ್ಲಿ ಬಿದ್ದ ಹೆಣ, ಎಲ್ಲವೂ ಕೆಂಬಣ್ಣದಲ್ಲಿ ಎದ್ದು ಕಾಣುತ್ತಿದ್ದುವು. ವೃದ್ಧೆಯು ಹಾಳೆಯನ್ನು ಬಹಳ ಹೊತ್ತು ನೋಡಿ, “ಅಂವ ನಮ್ಮ ಓಣ್ಯಾಂವ, ತಮ್ಮಾ. ಅಂವನ ಮಕ್ಕಳು ಇದನ್ನ ನೋಡಿದ್ರ ಏನಂದಾರು?” ಎಂದಳು. ಹುಡುಗನ ಕುಂಚವು ಅಲ್ಲಿಯೇ ನಿಂತಿತು.

ಬೀದರ, ಭಾಲ್ಕಿ, ಔರಾದಗಳ ಹಿರಿಯರಲ್ಲಿ ಆ ವರ್ಷವು ಎರಡು ಗಾಯಗಳನ್ನು ಉಳಿಸಿದೆ. ಮೊದಲು ರಜಾಕಾರರ ಹಾವಳಿಯಿಂದ ಹಳ್ಳಿಗಳು ಬೆಂದುವು; ಮೇ ತಿಂಗಳಿನ ಗೋರ್ಟಾ ಗ್ರಾಮದ ಕಗ್ಗೊಲೆಯನ್ನು ಈ ಸೀಮೆಯು ಮರೆತಿಲ್ಲ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಬಂದು ನಿಜಾಮನು ಮಣಿದ ಬಳಿಕ, ಮುಸಲ್ಮಾನರ ಮನೆಗಳ ಮೇಲೆ ಸೇಡು ಎರಗಿತು. ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ 27,000ದಿಂದ 40,000 ಜನರು ಮಡಿದರೆಂದು ಅಂದಾಜು ಮಾಡಿ, ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನು ಎಣಿಸಿತು. ಒಂದು ಗಾಯವನ್ನು ಬರೆದು ಇನ್ನೊಂದನ್ನು ಮರೆಸಿದ ಚಿತ್ರವು ಸತ್ಯವಾಗದು.

ಹಿರೋಷಿಮಾದ ಅಣುಬಾಂಬಿನಿಂದ ಆರು ವರ್ಷದ ಬಾಲಕನಾಗಿ ಬದುಕುಳಿದ ಕೇಯಿಜಿ ನಕಾಜಾವಾ ಅವರು 1973ರಲ್ಲಿ ಆರಂಭಿಸಿದ ಚಿತ್ರಕಥೆಯಲ್ಲಿ ಘೋರವನ್ನು ಮುಚ್ಚಿಡಲಿಲ್ಲ. ಅದು ಅವರದೇ ಗಾಯ. ತೋರುವ ಹಕ್ಕೂ ಅವರದೇ. ಪರರ ಗಾಯವನ್ನು ಬರೆಯುವವನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಅಮೇರಿಕೆಯ ಆರ್ಟ್ ಸ್ಪೀಗೆಲ್ಮನ್ ಅವರು ತಂದೆಯ ಸಂಕಟವನ್ನು ಬರೆದಾಗ, ಪ್ರಶ್ನೆ ಕೇಳುತ್ತ ಕುಳಿತ ತಮ್ಮನ್ನೂ ಚಿತ್ರಿಸಿಕೊಂಡರು. ಜೋ ಸಾಕೋ ಅವರು 2009ರ ತಮ್ಮ ಗ್ರಂಥದಲ್ಲಿ, 1956ರ ಗಾಜಾದ ಕೊಲೆಗಳ ಕುರಿತು ಸಾಕ್ಷಿಗಳ ಮಾತು ಹೊಂದದ ಎಡೆಯಲ್ಲಿ ಆ ಭೇದವನ್ನೇ ಓದುಗರ ಮುಂದಿಟ್ಟರು.

ಆದುದರಿಂದ ಮಕ್ಕಳು ಇಂತಹ ಚಿತ್ರ ಬರೆಯಲು ಕುಳಿತಾಗ ಹಿರಿಯರು ಬೇಡವೆನ್ನಬಾರದು. ಕೆಲವು ಮಾತುಗಳನ್ನು ತಿಳಿಸಿದರೆ ಸಾಕು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸಲಿ. ಹೇಳಿದವರಿಗೆ ಮೊದಲು ತೋರಿಸಲಿ. ಅವರು ಬೇಡವೆಂದುದನ್ನು ಬಿಡಲಿ. ಸತ್ತವನ ಮುಖವು ಅವನ ಮನೆಯವರ ಸೊತ್ತೆಂದು ತಿಳಿಯಲಿ. ಒಂದು ಸಮಾಜದವರೆಲ್ಲರಿಗೂ ಒಂದೇ ಕ್ರೂರಮುಖವನ್ನು ಬರೆಯದಿರಲಿ.

ನಾನು ಹೊರಡುವ ಹೊತ್ತಿಗೆ ಹುಡುಗನು ಹೊಸ ಹಾಳೆಯಲ್ಲಿ ಮುಚ್ಚಿದ ಒಂದು ಬಾಗಿಲನ್ನು ಬರೆದಿದ್ದನು. ಅಜ್ಜಿಯು ಅದರ ಮೇಲೆ ಬೆರಳಿಟ್ಟು, “ಇದರ ಬಾಜೂಕ ಇನ್ನೊಂದು ಬಾಗಿಲ ಬರಿ. ಆ ರಾತ್ರಿ ನಮ್ಮನ್ನ ಒಳಗ ಕರಕೊಂಡವರದು” ಎಂದಳು. ಆ ಮಾತನ್ನು ಮನೆಯವರು ಅಂದೇ ಮೊದಲು ಕೇಳಿದ್ದು.