ಉತ್ತನೂರಿನ ದಾಸರು, ಗಡಿಯಾಚೆಯ ಕನ್ನಡ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಖ್ತಲ್, ನಾರಾಯಣಪೇಟೆಯ ಕನ್ನಡಿಗರೂ ಗಡಿಯಾಚೆಯೇ ಉಳಿದರು. ಮತದ ಲೆಕ್ಕದಲ್ಲಿ ಅವರದು ಸಣ್ಣ ಪಾಲು. ಆ ಲೆಕ್ಕದಿಂದಲೇ ಈ ಸೀಮೆಯನ್ನು ಅಳೆಯುವುದು ತಪ್ಪು.

ಗದ್ವಾಲ ಸಂಸ್ಥಾನದ ದೊರೆಗಳು ಪಂಡಿತರಿಗೆ ಆಶ್ರಯವಿತ್ತು ಹೆಸರಾದವರು. ಅದೇ ಸೀಮೆಯ ಉತ್ತನೂರಿನಲ್ಲಿ 18ನೇ ಶತಮಾನದಲ್ಲಿ ಬಾಳಿದ ಹರಿದಾಸ ಗೋಪಾಲದಾಸರಿಗೆ ಗದ್ದುಗೆಯಿರಲಿಲ್ಲ, ಪೀಠವೂ ಇರಲಿಲ್ಲ. ಇದ್ದದ್ದು ಗುರು ವಿಜಯದಾಸರಲ್ಲಿ ನಿಷ್ಠೆ, ಬಾಯಲ್ಲಿ ಕನ್ನಡದ ಪದ. ಅಂಥ ಪದಗಳನ್ನು ಹಗುರವಾಗಿ ಕಂಡಿದ್ದ ಸಂಸ್ಕೃತ ವಿದ್ವಾಂಸ, ಮಾನ್ವಿಯ ಶ್ರೀನಿವಾಸಾಚಾರ್ಯರು ರೋಗದಿಂದ ನರಳುತ್ತ ಇವರ ಬಳಿಗೇ ಬಂದರು. ದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು ಎಂದು ದಾಸ ಪರಂಪರೆ ನಂಬುತ್ತದೆ. ನಂಬಿಕೆಯ ಮಾತು ಹಾಗಿರಲಿ, ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ರಚಿಸಿದರು, ಅದೂ ಕನ್ನಡದಲ್ಲಿ.

ಆ ಕನ್ನಡ ಈ ಸೀಮೆಯಲ್ಲಿ ಇನ್ನೂ ಉಳಿದಿದೆ. ಈಗ ತೆಲಂಗಾಣದಲ್ಲಿರುವ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ತೆಲುಗು ನೆರೆಹೊರೆಯೊಂದಿಗೆ ಸೌಹಾರ್ದದಿಂದ ಬದುಕುತ್ತಲೇ ತಾಯ್ನುಡಿ ಬಿಡದ ಈ ಮನೆಗಳ ನಿಷ್ಠೆ ನಮಗೆ ದೊಡ್ಡದು. ಪಠ್ಯಪುಸ್ತಕ, ಕನ್ನಡ ಬಲ್ಲ ಶಿಕ್ಷಕರು ಅವರಿಗೆ ಹೊತ್ತಿಗೆ ಸರಿಯಾಗಿ ಸಿಗುವಂತೆ ತೆಲಂಗಾಣ ಸರ್ಕಾರ ನೋಡಿಕೊಳ್ಳಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಕೈಜೋಡಿಸಬೇಕು.