ಕಾವಲು ಯಾರಿಗೆ, ಹೊಣೆ ಯಾರದು?

ಬಂದರಿನ ಭದ್ರತೆ ಎಂಬ ಮಾತು ಕೇಳಿದೊಡನೆ ಘಟ್ಟದ ಮೇಲಿನವರು ಅದು ಕರಾವಳಿಯವರ ವಿಷಯವೆಂದು ಸುಮ್ಮನಾಗುವುದುಂಟು. ಆದರೆ 2010ಕ್ಕೆ ಮುಂಚಿನ ವರ್ಷಗಳಲ್ಲಿ ಹೊಸಪೇಟೆಯಿಂದ ಹೊರಟು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟ ಇಳಿಯುತ್ತಿದ್ದ ಅದಿರು ಲಾರಿಗಳ ಸಾಲನ್ನು ಕಂಡವರಾರೂ ಹಾಗೆ ಸುಮ್ಮನಾಗಲಾರರು. ರಸ್ತೆಯಂಚಿನ ಬಾಳೆ, ಅಡಿಕೆಗಳ ಎಲೆಯ ಮೇಲೆ ಕೆಂಪು ಧೂಳು ಕುಳಿತು ಪತ್ರರಂಧ್ರಗಳು ಮುಚ್ಚಿಕೊಂಡರೆ ಗಿಡ ಸೊರಗುತ್ತದೆ. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಆ ಧೂಳಿನ ದಾರಿ ಮುಗಿಯುತ್ತಿದ್ದುದು ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ. ಅಲ್ಲಿ ನಡೆದುದನ್ನು ಗಣಿ ಹಗರಣದ ಒಂದು ಅಧ್ಯಾಯವೆಂದು ಓದಿ ನಾಡು ಮರೆತಿದೆ. ಬಂದರು ಭದ್ರತೆಯ ಸೋಲು ಎಂಬ ಹೆಸರಿನಿಂದ ಅದನ್ನು ಕರೆಯಬೇಕಾಗಿತ್ತು.

ಭದ್ರತೆಗೆ ಜಗತ್ತೇ ಒಪ್ಪಿದ ಒಂದು ನಿಯಮಾವಳಿ ಇದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿ ನಡೆದ ಬಳಿಕ, ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಆಶ್ರಯದಲ್ಲಿ 2002ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಸೇರಿದ ರಾಷ್ಟ್ರಗಳು ಹಡಗು ಮತ್ತು ಬಂದರು ಸೌಲಭ್ಯಗಳ ಭದ್ರತಾ ಸಂಹಿತೆಯನ್ನು ಅಂಗೀಕರಿಸಿದವು. ಬಂದರುಗಳಲ್ಲಿ ಐಎಸ್‌ಪಿಎಸ್ ಎಂದೇ ಪರಿಚಿತವಾದ ಇದು 2004ರ ಜುಲೈ 1ರಿಂದ ಜಾರಿಯಲ್ಲಿದೆ. ದೇಶದಿಂದ ದೇಶಕ್ಕೆ ಸಂಚರಿಸುವ ಪ್ರಯಾಣಿಕ ಹಡಗುಗಳು, 500 ಟನ್ನೇಜು ಮತ್ತು ಅದಕ್ಕೆ ಮೇಲ್ಪಟ್ಟ ಸರಕು ಹಡಗುಗಳು, ಅವುಗಳಿಗೆ ಸೇವೆ ಒದಗಿಸುವ ಬಂದರು ಸೌಲಭ್ಯಗಳು ಇದರ ವ್ಯಾಪ್ತಿಗೆ ಬರುತ್ತವೆ.

ಹೊಣೆಗಾರರಿಗೇನೂ ಈ ಸಂಹಿತೆಯಲ್ಲಿ ಕೊರತೆಯಿಲ್ಲ. ಹಡಗಿನಲ್ಲೊಬ್ಬ ಭದ್ರತಾಧಿಕಾರಿ, ಹಡಗಿನ ಕಂಪನಿಯಲ್ಲೊಬ್ಬ, ದಡದಲ್ಲಿ ಬಂದರು ಸೌಲಭ್ಯಕ್ಕೊಬ್ಬ. ಇವರೆಲ್ಲರ ಮೇಲೆ ಸರಕಾರ; ಭಾರತದಲ್ಲಿ ನೌಕಾಯಾನ ಮಹಾನಿರ್ದೇಶನಾಲಯ. ಅಪಾಯ ಯಾವುದೆಂದು ಮೊದಲು ಅಂದಾಜು ಮಾಡಬೇಕು, ಅದರ ಆಧಾರದ ಮೇಲೆ ಯೋಜನೆ ಬರೆಯಬೇಕು, ಬರೆದುದಕ್ಕೆ ಮಂಜೂರಾತಿ ಪಡೆಯಬೇಕು. ಎಚ್ಚರಿಕೆಯ ಮಟ್ಟಗಳು ಮೂರು. ಮಟ್ಟ ನಿಗದಿಪಡಿಸುವ ಅಧಿಕಾರ ಸರಕಾರದ್ದು. ಹಡಗಿನ ಸುರಕ್ಷತೆಯ ವಿಷಯದಲ್ಲಿ ಕಪ್ತಾನನ ತೀರ್ಮಾನಕ್ಕೆ ಕಂಪನಿ ಅಡ್ಡಬರುವಂತಿಲ್ಲ. ಇಷ್ಟು ಸ್ಪಷ್ಟವಾಗಿ ಹೊಣೆ ಹಂಚಿದ ಕಾನೂನು ರೈತರು ಅಲೆಯುವ ಯಾವ ಕಚೇರಿಯಲ್ಲಿಯೂ ಸಿಗುವುದು ಕಷ್ಟ.

ದೋಷವಿರುವುದು ಸಂಹಿತೆಯನ್ನು ಅರ್ಧ ಓದಿ ಮುಚ್ಚಿಡುವ ಅಭ್ಯಾಸದಲ್ಲಿ. ಗೇಟಿನೊಳಗೆ ಯಾರು ಬಂದರು ಎಂಬಷ್ಟಕ್ಕೇ ಬಂದರಿನ ಆಡಳಿತ ಭದ್ರತೆಯೆಂದು ಹೆಸರಿಟ್ಟಿದೆ. ಆದರೆ ಸಂಹಿತೆಯ ಕಡ್ಡಾಯ ಭಾಗದಲ್ಲಿ, ಎಚ್ಚರಿಕೆಯ ಅತ್ಯಂತ ಕೆಳಗಿನ ಮಟ್ಟದಲ್ಲಿಯೂ ನಡೆಯಲೇಬೇಕಾದ ಕೆಲಸಗಳ ಸಾಲಿನಲ್ಲಿ, ಪ್ರವೇಶ ನಿಯಂತ್ರಣದ ಜೊತೆಗೇ ಸರಕು ನಿರ್ವಹಣೆಯ ಮೇಲುಸ್ತುವಾರಿಯೂ ಇದೆ. ಮಾರ್ಗದರ್ಶಿ ಭಾಗ ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. ಸಾಗಣೆಗೆಂದು ಉದ್ದೇಶಿಸದ ಸರಕು ಬಂದರಿನೊಳಗೆ ಸ್ವೀಕೃತವಾಗಿ ದಾಸ್ತಾನಾಗದಂತೆ ತಡೆಯಬೇಕು. ಬಾಗಿಲುಗಳಲ್ಲಿ ದಾಸ್ತಾನಿನ ಲೆಕ್ಕವಿರಬೇಕು.

ಈಗ ಬೇಲೆಕೇರಿಯನ್ನು ನೆನೆಯಬೇಕು. 2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಅಲ್ಲಿ ಹಲವು ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿತು. ಕೆಲವೇ ತಿಂಗಳುಗಳಲ್ಲಿ ಆ ಜಪ್ತಿಯಾದ ಅದಿರಿನಿಂದಲೇ ಲಕ್ಷಗಟ್ಟಲೆ ಟನ್ ಕಾಣೆಯಾಗಿತ್ತು. ಹತ್ತು ಟನ್ನಿನ ಲಾರಿಯ ಲೆಕ್ಕ ಹಿಡಿದರೆ ಒಂದು ಲಕ್ಷ ಟನ್ನಿಗೆ ಹತ್ತು ಸಾವಿರ ಲೋಡು. ರಾತ್ರೋರಾತ್ರಿ ಕಂಕುಳಲ್ಲಿಟ್ಟು ಒಯ್ಯುವ ವಸ್ತುವಲ್ಲ ಅದು. ಯಂತ್ರದಿಂದ ಮೊಗೆಯಬೇಕು, ಧಕ್ಕೆಗೆ ತರಬೇಕು, ಬಾರ್ಜಿಗೆ ಸುರಿಯಬೇಕು, ಹೊರಗೆ ಲಂಗರು ಹಾಕಿ ನಿಂತ ದೊಡ್ಡ ಹಡಗಿಗೆ ಏರಿಸಬೇಕು, ಆ ಹಡಗು ಕಾಗದಪತ್ರ ಪೂರೈಸಿಕೊಂಡು ವಿದೇಶದ ದಾರಿ ಹಿಡಿಯಬೇಕು. ಹೆಜ್ಜೆಹೆಜ್ಜೆಗೂ ಒಂದು ಸಹಿ, ಒಂದು ಮೊಹರು. ಸಾಗಣೆಗೆಂದು ಉದ್ದೇಶಿಸದ ಸರಕು ಎಂಬ ಮಾತಿಗೆ ಜಪ್ತಿಯಾದ ಅದಿರಿಗಿಂತ ಉತ್ತಮ ಉದಾಹರಣೆ ಎಲ್ಲಿಂದ ತರುವುದು? ಅದನ್ನು ಒಯ್ದ ಹಡಗುಗಳಲ್ಲಿಯೂ ಭದ್ರತಾಧಿಕಾರಿಗಳಿದ್ದರು. ಅವರ ಕಣ್ಣಿಗೆ ಏನೂ ಬೀಳಲಿಲ್ಲ.

ಮುಂದೆ ನಡೆದುದು ಇನ್ನೂ ವಿಚಿತ್ರ. ಜಪ್ತಿ ಮಾಡಿದ ಅರಣ್ಯಾಧಿಕಾರಿಯ ವಿರುದ್ಧವೇ ಅಮಾನತಿನ ಕ್ರಮ ಹೊರಟಿತು. ಇದನ್ನು ಪ್ರತಿಭಟಿಸಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2010ರ ಜೂನ್‌ನಲ್ಲಿ ರಾಜೀನಾಮೆ ಸಲ್ಲಿಸಿದರು. ಬಳಿಕ ಅದನ್ನು ಹಿಂಪಡೆದು 2011ರ ಜುಲೈನಲ್ಲಿ ಅಂತಿಮ ವರದಿ ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ನಂತರ, ಬೆಂಗಳೂರಿನ ವಿಶೇಷ ನ್ಯಾಯಾಲಯ ಒಬ್ಬ ಶಾಸಕರನ್ನೂ ಒಬ್ಬ ಬಂದರು ಅಧಿಕಾರಿಯನ್ನೂ ಸೇರಿಸಿ ಹಲವರಿಗೆ ಶಿಕ್ಷೆ ವಿಧಿಸಿತು. ಮರು ತಿಂಗಳೇ ಉಚ್ಚ ನ್ಯಾಯಾಲಯ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಪರಾಧದ ಪ್ರಶ್ನೆಯನ್ನು ನ್ಯಾಯಾಲಯಗಳು ತೀರ್ಮಾನಿಸಲಿ. ಮೇಲುಸ್ತುವಾರಿಯ ಹೊಣೆ ಯಾವ ಹುದ್ದೆಯದಾಗಿತ್ತು ಎಂಬುದು ಬೇರೆಯೇ ಪ್ರಶ್ನೆ.

ಇದು ಕರ್ನಾಟಕದ ರೋಗ ಮಾತ್ರವೆಂದು ತಿಳಿಯಬೇಕಾಗಿಲ್ಲ. ಮಾಲ್ಡೋವಾ ದೇಶದ ಧ್ವಜ ಹೊತ್ತ ರೋಸಸ್ ಎಂಬ ಹಳೆಯ ಹಡಗು 2013ರ ನವೆಂಬರ್‌ನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಹೊತ್ತು ಲೆಬನಾನಿನ ಬೈರುತ್ ಬಂದರಿಗೆ ಬಂತು. ಮಾಲೀಕ ಕೈಬಿಟ್ಟ. ಕಪ್ತಾನನನ್ನೂ ಕೆಲವು ಖಲಾಸಿಗಳನ್ನೂ ತಿಂಗಳುಗಟ್ಟಲೆ ಹಡಗಿನಲ್ಲೇ ತಡೆದಿಡಲಾಯಿತು. ಸರಕನ್ನು ಬಂದರಿನ ಹನ್ನೆರಡನೆಯ ಗೋದಾಮಿಗೆ ಸೇರಿಸಿದರು. ಸುಂಕದ ಅಧಿಕಾರಿಗಳು ನ್ಯಾಯಾಧೀಶರಿಗೆ ಪತ್ರದ ಮೇಲೆ ಪತ್ರ ಬರೆದರು. ತಿಳಿದವರೆಲ್ಲ ತಿಳಿಸಿ ಕೈತೊಳೆದುಕೊಂಡರು. 2020ರ ಆಗಸ್ಟ್ 4ರ ಸಂಜೆ ಅದು ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅರ್ಧ ನಗರ ಜಖಂ ಆಯಿತು. ಸಂಹಿತೆ ಜಾರಿಗೆ ಬಂದು ಆಗಲೇ ಹದಿನಾರು ವರ್ಷಗಳಾಗಿದ್ದವು.

ಆ ಸುದ್ದಿ ಬಂದ ಮೇಲೆಯೇ ಚೆನ್ನೈನ ಅಧಿಕಾರಿಗಳಿಗೆ ತಮ್ಮ ದಾಸ್ತಾನು ನೆನಪಾದದ್ದು. 2015ರಲ್ಲಿ ವಶಪಡಿಸಿಕೊಂಡಿದ್ದ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ ನಗರದ ಮಣಲಿ ಪ್ರದೇಶದ ಕಂಟೇನರ್ ಗೋದಾಮಿನಲ್ಲಿ ಐದು ವರ್ಷ ಬಿದ್ದಿತ್ತು. ಅವಸರದಲ್ಲಿ ಹೈದರಾಬಾದಿಗೆ ಸಾಗಿಸಿದರು. ಇತ್ತ 2018ರಿಂದ ಶಿರಸಿ, ಸಾಗರ, ಕೊಪ್ಪಗಳ ರೈತ 45 ಕಿಲೋ ಯೂರಿಯಾದ ಒಂದು ಚೀಲಕ್ಕೆ ಆಧಾರ್ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ಕೆಲಸ ಮಾಡಿ ಬೆರಳಿನ ಗೆರೆ ಸವೆದ ಮುದುಕನನ್ನು ಆ ಯಂತ್ರ ಎಷ್ಟೋ ಸಲ ಹಿಂದಕ್ಕೆ ಕಳಿಸುತ್ತದೆ. ಚೀಲಕ್ಕೆ ಇರುವ ಲೆಕ್ಕ ಹಡಗಿಗೆ ಇಲ್ಲ.

ಮೀನುಗಾರರ ಅನುಭವವೂ ಇದೇ. ಬೇಲಿ ಬಂದರೆ ಮೊದಲು ಮುಚ್ಚುವುದು ದೋಣಿ ಎಳೆದಿಡುವ, ಮೀನು ಒಣಗಿಸುವ ಜಾಗ. ಗುರುತಿನ ಚೀಟಿ ಕೇಳುವುದು ಪಾತಿ ದೋಣಿಯವನನ್ನು. ಮೂಲಭೂತ ಹಕ್ಕುಗಳಿಗೆ, ಅದರಲ್ಲೂ ಕಡಲ ಕೆಲಸಗಾರರ ಹಕ್ಕುಗಳಿಗೆ ವಿರುದ್ಧವಾಗಿ ತನ್ನನ್ನು ಅರ್ಥೈಸಬಾರದೆಂದು ಇದೇ ಸಂಹಿತೆ ತನ್ನ ಪೀಠಿಕೆಯಲ್ಲಿ ಹೇಳಿದೆ. ಪೀಠಿಕೆಯನ್ನು ಓದುವ ರೂಢಿ ನಮ್ಮ ಕಚೇರಿಗಳಲ್ಲಿ ಕಡಿಮೆ.

ಭದ್ರತಾ ಯೋಜನೆ ಗೋಪ್ಯವಾಗಿರಬೇಕು, ಹಳ್ಳಿಯವರ ಮುಂದೆ ಹರಡಲಾಗದು ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಕ್ಯಾಮೆರಾ ಎಲ್ಲಿದೆ, ಕಾವಲಿನ ಪಾಳಿ ಯಾವಾಗ ಬದಲಾಗುತ್ತದೆ ಎಂಬುದು ಗೋಪ್ಯವಾಗಿರಲಿ. ಅದನ್ನು ಕೇಳಿದವರೂ ಇಲ್ಲ. ಧಕ್ಕೆಯಲ್ಲಿ ಯಾವ ಅಪಾಯಕಾರಿ ಸರಕು ಎಷ್ಟಿದೆ, ಜಪ್ತಿಯಾದ ಸರಕಿನ ಇಂದಿನ ಶಿಲ್ಕು ಎಷ್ಟು, ಅದು ಯಾವ ಅಧಿಕಾರಿಯ ಸುಪರ್ದಿಯಲ್ಲಿದೆ ಎಂಬುದರಲ್ಲಿ ಗುಟ್ಟೇನಿದೆ? 2025ರ ಮೇ 25ರಂದು ಕೊಚ್ಚಿಯ ಬಳಿ ಎಂಎಸ್‌ಸಿ ಎಲ್ಸಾ 3 ಹಡಗು ಆರುನೂರಕ್ಕೂ ಹೆಚ್ಚು ಕಂಟೇನರುಗಳೊಡನೆ ಮುಳುಗಿತು. ಅವುಗಳಲ್ಲಿ ಹನ್ನೆರಡರಲ್ಲಿ ಇದ್ದುದು ಕ್ಯಾಲ್ಸಿಯಂ ಕಾರ್ಬೈಡ್. ಮಾವು, ಬಾಳೆ ಮಾಗಿಸಲು ಕದ್ದು ಬಳಸುವ, ನೀರು ತಾಗಿದರೆ ಉರಿಯುವ ಅನಿಲ ಬಿಡುವ ಅದೇ ಕಲ್ಲು. ಕೇರಳದ ದಂಡೆಗಳ ತುಂಬ ಪ್ಲಾಸ್ಟಿಕ್ ಹರಳು ಬಂದು ಬಿದ್ದಿತು. ಸರಕಿನ ವಿವರವನ್ನು ಸಾರ್ವಜನಿಕರ ಮುಂದಿಡಿ ಎಂದು ಕೊನೆಗೆ ಕೇರಳದ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ವಿವರ ಮೊದಲೇ ಪಂಚಾಯಿತಿಯ ಗೋಡೆಯ ಮೇಲಿದ್ದಿದ್ದರೆ, ದಡಕ್ಕೆ ತೇಲಿಬಂದ ಕಂಟೇನರನ್ನು ಮುಟ್ಟಬೇಕೋ ಬೇಡವೋ ಎಂದು ಮೀನುಗಾರ ತಾನೇ ತೀರ್ಮಾನಿಸಬಹುದಿತ್ತು.

ಉತ್ತರ ಕನ್ನಡದಲ್ಲಿ ಈ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಿದೆ. ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಹಲವು ವರ್ಷ ಹೋರಾಡಿದ್ದಾರೆ. ಬೇಲೆಕೇರಿಯ ನೆರೆಯ ಕೇಣಿಯಲ್ಲಿ ದೊಡ್ಡ ಬಂದರಿನ ಯೋಜನೆಗೆ 2025ರಲ್ಲಿ ಜನ ಬೀದಿಗಿಳಿದರು. ಅದೇ ವರ್ಷ ಸಂಸತ್ತು 1908ರ ಬಂದರು ಕಾಯಿದೆಯ ಬದಲಿಗೆ ಹೊಸದನ್ನು ಒಪ್ಪಿತು. ಕಾಯಿದೆ ಹೊಸದಾದ ಮಾತ್ರಕ್ಕೆ ತೂಕದ ಕಲ್ಲು ಸರಿಹೋಗುವುದಿಲ್ಲ. ಬಂದರಿಗೆ ಸರಕು ಬರುವುದು ಘಟ್ಟ ಇಳಿದೇ. ರಸ್ತೆ ಅಗಲವಾಗುವುದು, ಕಾಡು ಕಡಿಯುವುದು ಮೇಲೆಯೇ. ಆದ್ದರಿಂದ ಕೆಳಗಿನವರ ಹೋರಾಟಕ್ಕೆ ಮೇಲಿನವರ ಬೆಂಬಲ ಉಪಕಾರವೆಂದು ಭಾವಿಸಬಾರದು.

ಕೇಳಬೇಕಾದ ಮೊದಲ ಪ್ರಶ್ನೆಗೆ ಮೆರವಣಿಗೆಯೂ ಬೇಕಿಲ್ಲ. 2010ರ ಮಾರ್ಚಿನಿಂದ ಜೂನ್‌ವರೆಗೆ ಬೇಲೆಕೇರಿಯಲ್ಲಿ ಸರಕು ನಿರ್ವಹಣೆಯ ಮೇಲುಸ್ತುವಾರಿ ಯಾವ ಹುದ್ದೆಯ ಕರ್ತವ್ಯವಾಗಿತ್ತು? ಆ ಅವಧಿಯಲ್ಲಿ ಹೊರಹೋದ ಹಡಗುಗಳ ಪಟ್ಟಿಯನ್ನು ಯಾರು ಪರಿಶೀಲಿಸಿದರು? ಇಂದು ಜಿಲ್ಲೆಯ ಬಂದರುಗಳಲ್ಲಿ ಜಪ್ತಿಯಾದ ಸರಕು ಎಷ್ಟಿದೆ, ಅದನ್ನು ಕೊನೆಯ ಬಾರಿ ತೂಗಿದ್ದು ಯಾವಾಗ? ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದಗಳನ್ನು ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹಾಗಾಗಿ ಯಲ್ಲಾಪುರ, ಅಂಕೋಲಾಗಳ ವಿದ್ಯಾರ್ಥಿಗಳು ಒಂದೊಂದು ಪ್ರಶ್ನೆಯನ್ನು ಹಂಚಿಕೊಂಡು ಬರೆಯುವುದು ಒಳ್ಳೆಯದು. ಉತ್ತರ ಕೊಡಲು ಇಲಾಖೆಗೆ ಮೂವತ್ತು ದಿನಗಳ ಗಡುವಿದೆ.