ಸೈಕಲ್ಲಿಗೊಂದು ಭಾನುವಾರ

ಪುಣೆ ಸೇರಿದಂದಿನಿಂದ ನಮಗೆ ಭಾನುವಾರವೆಂದರೆ ಖಡಕವಾಸಲಾ ದಾರಿ. ಸಿಂಹಗಡದ ಬುಡದವರೆಗೆ ಹೋಗಿಬಂದರೆ ಸುಮಾರು 50 ಕಿಲೋಮೀಟರು. ಮರಳಿದೊಡನೆ ಸರಪಳಿ ಒರೆಸಿ ಎಣ್ಣೆ ಬಿಡುವುದನ್ನು ನಾವು ಎಂದೂ ತಪ್ಪಿಸಿದವರಲ್ಲ.

ಬಚ್ಚಲ ನಲ್ಲಿ ಮಾತ್ರ 3 ತಿಂಗಳಿಂದ ಸೋರುತ್ತಿತ್ತು; ಗೋಡೆಯ ಸುಣ್ಣ ಉದುರತೊಡಗಿತ್ತು. “ನಿಮ್ಮ ಸೈಕಲ್ಲಿಗೆ ಭಾನುವಾರವುಂಟು, ಈ ಮನೆಗೆ ಯಾವ ವಾರ?” ಎಂದು ಮನೆಯಾಕೆ ಕೇಳಿದಾಗ ಉತ್ತರ ತೋಚಲಿಲ್ಲ. ವಾಷರು ಬದಲಿಸಲು ಹಿಡಿದದ್ದು 15 ನಿಮಿಷ!

ಈಗಿನ ಏರ್ಪಾಡು ಇದು: ಒಂದು ಭಾನುವಾರ ನಮಗೆ ಸವಾರಿ, ಮರುವಾರ ಮನೆಗೆಲಸ. ಆ ದಿನ ಆಸನವನ್ನು ಎರಡಂಗುಲ ಇಳಿಸಿಕೊಂಡು ಆಕೆ ಹೊರಡುತ್ತಾಳೆ. ಧಾರವಾಡದಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು. ನಾವು ಅದನ್ನು ಮರೆತೇಬಿಟ್ಟಿದ್ದೆವು. ಅಂದಿನ ಸಾರು ನಮ್ಮ ಕೈಯದು. ಉಪ್ಪು ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ.